ಎರಡು ಬೇಸ್ ಗಿಟಾರ್, ಎರಡು ಬಗೆಯ ತಂತಿ

ತಗ್ಗಿನ ಸ್ವರಗಳ ವಾದ್ಯವಾದ ಬೇಸ್ ಗಿಟಾರ್‌ನ ಅತಿ ದಪ್ಪ ತಂತಿಯನ್ನು ಎಲ್ಲಿಯೂ ಒತ್ತದೆ ಸುಮ್ಮನೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ತಂತಿ ದುಂಡು ಸುತ್ತಿನ ರೌಂಡ್‌ವೌಂಡ್ ಆದರೂ 41, ಚಪ್ಪಟೆ ಸುತ್ತಿನ ಫ್ಲಾಟ್‌ವೌಂಡ್ ಆದರೂ 41. ಆದರೆ ಒಂದೇ ಅಳತೆಯ, ಒಂದೇ ಬಗೆಯ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಇರುವ ಎರಡು ಗಿಟಾರ್‌ಗಳಿಗೆ ಈ ಎರಡು ತಂತಿಗಳನ್ನು ಹಾಕಿ ನುಡಿಸಿ ನೋಡಿ. ಶ್ರುತಿಯ ಗಂಧವೇ ಇಲ್ಲದವರಿಗೂ ಎರಡು ಬೇರೆ ವಾದ್ಯ ಕೇಳಿದಂತಾಗುತ್ತದೆ.

ಹನುಮಂತನಗರದ ಗೆಳೆಯರೊಬ್ಬರ ಬಳಿ ಇಂಥದೊಂದು ಜೋಡಿ ಇದೆ. ವಾರಾಂತ್ಯದಲ್ಲಿ ಚರ್ಚ್ ಸ್ಟ್ರೀಟ್ ಕಡೆಯ ಪಬ್‌ಗಳಲ್ಲಿ ನುಡಿಸುವವರು ಅವರು. “ಎರಡಕ್ಕೂ ಒಂದೇ ತಂತಿ ಹಾಕಿದರೆ ಎರಡನೆಯದನ್ನು ಯಾಕೆ ಕೊಂಡಿರಿ ಎಂದು ಮನೆಯಲ್ಲಿ ಕೇಳುತ್ತಾರೆ” ಎಂದು ನಗುತ್ತಾರೆ. ವಿಜ್ಞಾನದ ದೃಷ್ಟಿಯಿಂದಲೂ ಇದು ಒಳ್ಳೆಯ ಸಮರ್ಥನೆಯೇ.

ಎರಡೂ ತಂತಿಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಗುಟ್ಟು ಅರ್ಧ ಬಯಲಾಗುತ್ತದೆ. ಎರಡರ ಒಳಗೂ ಒಂದು ಮಿಲಿಮೀಟರ್‌ಗಿಂತ ತೆಳ್ಳಗಿನ ಉಕ್ಕಿನ ತಂತಿಯಿದೆ, ಅದರ ಮೇಲೆ ಸುತ್ತುಗಳಿವೆ. ರೌಂಡ್‌ವೌಂಡ್‌ನಲ್ಲಿ ಹೊರಗಿನ ಸುತ್ತು ದುಂಡು ತಂತಿ, ಹಾಗಾಗಿ ಮೈಯೆಲ್ಲ ಏಣು, ಏಣುಗಳ ನಡುವೆ ಸಂದು. ಫ್ಲಾಟ್‌ವೌಂಡ್‌ನಲ್ಲಿ ಹೊರಗಿನ ಸುತ್ತು ಚಪ್ಪಟೆ ಲೋಹದ ಪಟ್ಟಿ. ಅಂಚಿಗೆ ಅಂಚು ತಾಗಿ ಕೂತಿರುವುದರಿಂದ ಉಗುರು ಎಳೆದರೂ ಎಲ್ಲಿಯೂ ಸಿಕ್ಕುವುದಿಲ್ಲ.

ಸುತ್ತುವ ಗೋಜೇಕೆ, ಒಂದೇ ದಪ್ಪ ಸರಳು ಹಾಕಬಾರದೇ? ತಗ್ಗಿನ ಸ್ವರಕ್ಕೆ ತಂತಿ ಭಾರವಾಗಿರಬೇಕು. ಆದರೆ ಘನ ತಂತಿಯ ದಪ್ಪ ಎರಡರಷ್ಟಾದರೆ ಬಾಗಲು ಅದು ತೋರುವ ಪೆಡಸುತನ ಹದಿನಾರರಷ್ಟಾಗುತ್ತದೆ. ಪೆಡಸು ತಂತಿಯಲ್ಲಿ ಮೇಲಿನ ಹಾರ್ಮಾನಿಕ್‌ಗಳು, ಎಂದರೆ ಮೂಲ ಕಂಪನದ ಎರಡರಷ್ಟು, ಮೂರರಷ್ಟು ವೇಗದ ಕಂಪನಗಳು, ಲೆಕ್ಕ ತಪ್ಪಿ ಶ್ರುತಿಗಿಂತ ಮೇಲೆ ಸರಿಯುತ್ತವೆ. ತೆಳ್ಳಗಿನ ತಂತಿಗೆ ಸುತ್ತು ಹಾಕಿದರೆ ಭಾರವೂ ಸಿಗುತ್ತದೆ, ಬಳುಕೂ ಉಳಿಯುತ್ತದೆ.

ವ್ಯತ್ಯಾಸ ಹುಟ್ಟುವುದು ಈ ಬಳುಕಿನಲ್ಲಿಯೇ. ಸಾಮಾನ್ಯ ಬೇಸ್‌ನಲ್ಲಿ ಕಂಪಿಸುವ ತಂತಿಯ ಉದ್ದ 34 ಅಂಗುಲ, ಸುಮಾರು 86 ಸೆಂಟಿಮೀಟರ್. ಮೂಲ ಸ್ವರಕ್ಕೆ ಅಷ್ಟೂ ಉದ್ದ ಒಂದೇ ಕಮಾನಾಗಿ ಬಾಗಿದರೆ ಸಾಕು. ಮೂವತ್ತನೆಯ ಹಾರ್ಮಾನಿಕ್‌ಗೆ, ಎಂದರೆ 1,200 ಹರ್ಟ್ಜ್ (ಸೆಕೆಂಡಿಗೆ 1,200 ಕಂಪನ) ಮೀರಿದ ಸ್ವರಕ್ಕೆ, ಅದೇ ತಂತಿ ಮೂರು ಸೆಂಟಿಮೀಟರ್‌ಗೂ ಕಡಿಮೆ ಉದ್ದದ ಮೂವತ್ತು ತುಂಡುಗಳಾಗಿ ಬಾಗಬೇಕು. ಅಷ್ಟು ಚಿಕ್ಕ ತಿರುವುಗಳಲ್ಲಿ ಫ್ಲಾಟ್‌ವೌಂಡ್‌ನ ಪಟ್ಟಿಗಳು ಒಂದನ್ನೊಂದು ಉಜ್ಜುತ್ತವೆ, ಕಂಪನದ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಮೇಲಿನ ಹಾರ್ಮಾನಿಕ್‌ಗಳು ಮೊದಲು ಸಾಯುತ್ತವೆ, ಕೆಳಗಿನವು ಉಳಿಯುತ್ತವೆ. ಕೇಳುವ ಕಿವಿಗೆ ಇದು ಮೃದು, ಗುಂಡನೆಯ, ‘ದುಂ’ ಎನ್ನುವ ನಾದ. ರೌಂಡ್‌ವೌಂಡ್‌ನಲ್ಲಿ ಉಜ್ಜಾಟ ಕಡಿಮೆ. ನಾದದಲ್ಲಿ ಲೋಹದ ಝೇಂಕಾರ ಬಹಳ ಹೊತ್ತು ನಿಲ್ಲುತ್ತದೆ.

ಫ್ಲಾಟ್‌ವೌಂಡ್‌ನಲ್ಲಿ ಬೇಸ್ ಹೆಚ್ಚು ಎಂಬ ಮಾತು ಸಂಗೀತದ ಅಂಗಡಿಗಳಲ್ಲಿ ಸದಾ ಕಿವಿಗೆ ಬೀಳುತ್ತದೆ. ತಗ್ಗಿನ ನಾದ ಅಲ್ಲಿ ಹೆಚ್ಚಾಗಿರುವುದಿಲ್ಲ, ಮೇಲಿನದು ಕಡಿಮೆಯಾಗಿರುತ್ತದೆ. ಇದರ ಪರಿಣಾಮ ಮೊಬೈಲ್‌ನಲ್ಲಿ ಹಾಡು ಕೇಳಿದಾಗ ತಲೆಕೆಳಗಾಗಿ ಕಾಣಿಸುತ್ತದೆ. ಮೊಬೈಲ್‌ನ ಪುಟ್ಟ ಸ್ಪೀಕರ್ 41 ಹರ್ಟ್ಜ್ ಹೊರಡಿಸಲಾರದು. ಆದರೂ ಬೇಸ್ ಕೇಳಿಸುತ್ತದೆ, ಏಕೆಂದರೆ ಮೇಲಿನ ಹಾರ್ಮಾನಿಕ್‌ಗಳ ಅಂತರ ನೋಡಿ ಮಿದುಳು ಇಲ್ಲದ ಮೂಲ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಹೀಗಾಗಿ ಸಣ್ಣ ಸ್ಪೀಕರ್‌ಗಳಲ್ಲಿ ‘ಹೆಚ್ಚು ಬೇಸ್’ ಇರುವ ಫ್ಲಾಟ್‌ವೌಂಡ್ ಮಂಕಾಗಿ, ರೌಂಡ್‌ವೌಂಡ್ ಸ್ಪಷ್ಟವಾಗಿ ಕೇಳುತ್ತದೆ.

ಝೇಂಕಾರದ ಮಾತು ಬಂದಾಗ ನಮ್ಮ ತಂಬೂರಿಯನ್ನು ಬಿಡುವಂತಿಲ್ಲ. ತಂತಿಯನ್ನು ಮೀಟುವ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಹಾರ್ಮಾನಿಕ್‌ಗಳು ಹುಟ್ಟುವುದಿಲ್ಲ ಎಂಬುದು ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ ಕಾಲದ ನಿಯಮ. ತಂಬೂರಿ ಮತ್ತು ವೀಣೆ ಈ ನಿಯಮಕ್ಕೆ ಬಗ್ಗುವುದಿಲ್ಲ ಎಂದು 1921ರಲ್ಲಿ ತೋರಿಸಿದವರು ಸಿ.ವಿ. ರಾಮನ್. ಆಗ ಅವರು ಕಲ್ಕತ್ತೆಯಲ್ಲಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು 1933ರಲ್ಲಿ. ಆ ವಾದ್ಯಗಳಲ್ಲಿ ತಂತಿಯನ್ನು ಹೊರುವ ಅಗಲ ಕುದುರೆಯ ಬಾಗಿದ ಮೈಯನ್ನು ತಂತಿ ಮತ್ತೆ ಮತ್ತೆ ಸವರುವುದರಿಂದ ಕಳೆದುಹೋಗಬೇಕಿದ್ದ ಹಾರ್ಮಾನಿಕ್‌ಗಳು ಮರಳಿ ಹುಟ್ಟುತ್ತವೆ. ಬೇಸ್ ಗಿಟಾರ್‌ನ ಕುದುರೆಯಾದ ಬ್ರಿಡ್ಜ್‌ನಲ್ಲಿ ತಂತಿ ಕೂರುವ ತಾಣ ಕಿರಿದು, ಅಲ್ಲಿ ಈ ಚಮತ್ಕಾರ ನಡೆಯುವುದಿಲ್ಲ. ಝೇಂಕಾರ ಬೇಕೆಂದರೆ ತಂತಿಯೇ ಕೊಡಬೇಕು, ಇಲ್ಲವೇ ಬೆರಳನ್ನು ಬ್ರಿಡ್ಜ್‌ನ ಕಡೆಗೆ ಸರಿಸಿ ಮೀಟಬೇಕು. ಈ ಎರಡನೆಯ ಉಪಾಯಕ್ಕೆ ಕಾಸು ಖರ್ಚಿಲ್ಲ. ತಂತಿ ಬದಲಿಸುವ ಮೊದಲು ಅದನ್ನು ಪರೀಕ್ಷಿಸುವವರು ಕಡಿಮೆ ಎನ್ನುವುದು ನನ್ನ ದೂರು.

ರೌಂಡ್‌ವೌಂಡ್ ತಂತಿಯ ಮೇಲೆ ಬೆರಳು ಜಾರುವಾಗ ಕೇಳುವ ಕಿರುಚಿಗೂ ಸರಳ ಲೆಕ್ಕವಿದೆ. ಏಣುಗಳ ಅಂತರ ಅರ್ಧ ಮಿಲಿಮೀಟರ್ ಎಂದುಕೊಳ್ಳೋಣ. ಬೆರಳು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಜಾರಿದರೆ 2,000 ಏಣುಗಳನ್ನು ದಾಟುತ್ತದೆ, 2,000 ಹರ್ಟ್ಜ್‌ನ ಸದ್ದು ಹುಟ್ಟುತ್ತದೆ. ನಮ್ಮ ಕಿವಿ ಅತಿ ಚುರುಕಾಗಿರುವ ವಲಯ ಶುರುವಾಗುವುದು ಅಲ್ಲಿಂದಲೇ. ಫ್ಲಾಟ್‌ವೌಂಡ್‌ನಲ್ಲಿ ದಾಟಲು ಏಣುಗಳೇ ಇಲ್ಲ.

ಸಂದುಗಳಿಗೆ ಇನ್ನೊಂದು ಶಾಪವಿದೆ: ಬೆವರು, ಚರ್ಮದ ಹೊಟ್ಟು, ಧೂಳು ಅಲ್ಲಿ ಸೇರುತ್ತವೆ. ಅಂಟಂಟು ಕೊಳೆ ಕಂಪನವನ್ನು ನುಂಗುತ್ತದೆ, ಹೊಸ ರೌಂಡ್‌ವೌಂಡ್‌ನ ಹೊಳಪು ಕೆಲವು ವಾರಗಳಲ್ಲಿ ಮಾಸುತ್ತದೆ. ಹಳೆಯ ತಂತಿಯನ್ನು ನೀರಲ್ಲಿ ಕುದಿಸಿ ಜೀವ ತುಂಬುವ ಬೇಸ್ ವಾದಕರು ಉಂಟು. ಕೊಳೆ ಬಿಡುವುದರಿಂದ ಅದು ಸ್ವಲ್ಪ ಕಾಲ ಕೆಲಸ ಮಾಡುತ್ತದೆ. ಫ್ಲಾಟ್‌ವೌಂಡ್‌ಗೆ ಕಳೆದುಕೊಳ್ಳಲು ಮೊದಲೇ ಹೊಳಪು ಕಡಿಮೆ, ವರ್ಷಗಟ್ಟಲೆ ಒಂದೇ ಥರ ನುಡಿಯುತ್ತದೆ. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೊದಲ್ಲಿ ನುಡಿಸುತ್ತಿದ್ದ ಜೇಮ್ಸ್ ಜೇಮರ್‌ಸನ್ ತಮ್ಮ ಫ್ಲಾಟ್‌ವೌಂಡ್ ತಂತಿಗಳನ್ನು ಬದಲಿಸುವ ಗೋಜಿಗೇ ಹೋಗುತ್ತಿರಲಿಲ್ಲ ಎಂಬುದು ಪ್ರಸಿದ್ಧ. 1951ರಲ್ಲಿ ಫೆಂಡರ್ ಪ್ರಿಸಿಷನ್ ಬೇಸ್ ಬಂದಾಗ ಫ್ಲಾಟ್‌ವೌಂಡ್ ತಂತಿಯೇ ರೂಢಿ. 1960ರ ದಶಕದಲ್ಲಿ ‘ದಿ ಹೂ’ ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್‌ವಿಸಲ್ ಅವರ ಒತ್ತಾಸೆಯಿಂದ ರೋಟೋಸೌಂಡ್ ಕಂಪನಿ ರೌಂಡ್‌ವೌಂಡ್ ತಂತಿಯನ್ನು ಹದಗೊಳಿಸಿದ ಮೇಲೆ ಗಾಳಿ ತಿರುಗಿತು.

ಜೋಡಿ ಗಿಟಾರ್ ಇರುವವರಿಗೆ ಉಳಿದ ಪ್ರಶ್ನೆ ಯಾವುದಕ್ಕೆ ಯಾವುದು ಎಂಬುದು. ರೌಂಡ್‌ವೌಂಡ್‌ನ ಏಣು ಫ್ರೆಟ್‌ಗಳನ್ನು (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳನ್ನು) ಬೇಗ ಸವೆಸುತ್ತದೆ. ಆದ್ದರಿಂದ ಫ್ರೆಟ್ ಸವೆದಿರುವ ಗಿಟಾರ್‌ಗೆ ಫ್ಲಾಟ್‌ವೌಂಡ್ ಹಾಕುವುದು ಜಾಣತನ. ನಾಲ್ಕು ತಂತಿ ಸೇರಿ ಗಿಟಾರ್‌ನ ಕುತ್ತಿಗೆಯನ್ನು 70ರಿಂದ 80 ಕಿಲೋಗ್ರಾಂ ಭಾರದಷ್ಟು ಎಳೆಯುತ್ತವೆ. ಫ್ಲಾಟ್‌ವೌಂಡ್‌ನ ಎಳೆತ ಸಾಮಾನ್ಯವಾಗಿ ಇನ್ನೂ ಹೆಚ್ಚು, ಆದರೆ ಥೊಮಾಸ್ಟಿಕ್‌ನಂಥ ಕೆಲವು ಕಂಪನಿಗಳ ಫ್ಲಾಟ್‌ವೌಂಡ್ ಬಹಳ ಸಡಿಲ. ಪೊಟ್ಟಣದ ಮೇಲೆ ಎಳೆತದ ಅಂಕಿ ಮುದ್ರಿಸಿದ್ದರೆ ದಪ್ಪಕ್ಕಿಂತ ಮೊದಲು ಅದನ್ನು ಓದಿ. ಹಾಕಿದ ಮೇಲೆ ಕುತ್ತಿಗೆ ಹೊಸ ಎಳೆತಕ್ಕೆ ಒಗ್ಗಲು ಒಂದೆರಡು ದಿನ ಬಿಟ್ಟು, ಕುತ್ತಿಗೆಯ ಬಾಗು ಸರಿಪಡಿಸುವ ಒಳಗಿನ ಸರಳನ್ನು, ಎಂದರೆ ಟ್ರಸ್ ರಾಡ್ ಅನ್ನು, ತಿರುಗಿಸುವುದೇನಿದ್ದರೂ ಆಮೇಲೆ.