ದೊಡ್ಡವರಿಗೆ ಖಾಸಗಿ ವಿಷಯ, ಬಡವರಿಗೆ ನೈತಿಕ ಕುಸಿತ

2000ನೇ ಇಸವಿಯ ಅಕ್ಟೋಬರ್. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ಸಮಾವೇಶ. ಪಕ್ಷ ಆಗ ವಿರೋಧದ ಸಾಲಿನಲ್ಲಿತ್ತು. ಗೃಹ ಖಾತೆಯ ವಕ್ತಾರೆ ಆ್ಯನ್ ವಿಡ್‌ಕಂಬ್ ಮಾತಿಗೆ ನಿಂತರು. ಗಾಂಜಾ ಇಟ್ಟುಕೊಂಡು ಸಿಕ್ಕಿಬಿದ್ದವರು ಯಾರೇ ಇರಲಿ, ಮೊದಲ ಸಲವೇ ಆಗಿರಲಿ, 100 ಪೌಂಡ್ ದಂಡ ಕಟ್ಟಲೇಬೇಕು ಎಂದರು. ಕೆಲವೇ ದಿನಗಳಲ್ಲಿ ಪತ್ರಿಕೆಯೊಂದು ಅವರ ಜೊತೆಗಾರರನ್ನೇ ಕೇಳಿತು: ನೀವು ಸೇದಿದ್ದೀರಾ? ನೆರಳು ಸಂಪುಟದ, ಅಂದರೆ ಮಂತ್ರಿಗಳಿಗೆ ಎದುರಾಗಿ ವಿರೋಧ ಪಕ್ಷ ನೇಮಿಸಿದ ವಕ್ತಾರರ ತಂಡದ ಏಳು ಮಂದಿ ಹೌದು ಎಂದರು. ಅವರಲ್ಲೊಬ್ಬರಾದ ಟಿಮ್ ಯೋ, ಖುಷಿಯಾಗಿಯೇ ಸೇದಿದ್ದೆ ಎಂದೂ ಹೇಳಿದರು. ಯಾರ ಹುದ್ದೆಯೂ ಹೋಗಲಿಲ್ಲ. ದಂಡದ ಮಾತು ಮಾತ್ರ ಅಲ್ಲಿಗೇ ನಿಂತಿತು.

ಈ ಇಬ್ಬಗೆ ನಿನ್ನೆ ಮೊನ್ನೆಯದಲ್ಲ. 1857ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಡೈವೋರ್ಸ್ ಪಡೆದು ಇನ್ನೊಂದು ಮದುವೆಯಾಗಬೇಕೆಂದರೆ ಸಂಸತ್ತಿನಲ್ಲಿ ಅದಕ್ಕೇ ಒಂದು ಕಾಯ್ದೆ ಪಾಸಾಗಬೇಕಿತ್ತು. ಅಷ್ಟು ಖರ್ಚು ಮಾಡಲು ಸಿರಿವಂತರಿಂದ ಮಾತ್ರ ಸಾಧ್ಯವಿತ್ತು. ಅದೇ ಕಾಲದ ಇನ್ನೊಂದು ಕಾನೂನು ನೋಡಿ. 1834ರ ಬಡವರ ಕಾಯ್ದೆ ಮದುವೆಯಾಗದೆ ಹೆತ್ತವಳ ತಲೆಯ ಮೇಲೇ ಮಗುವಿನ ಹೊಣೆ ಹೊರಿಸಿತು. ಅಪ್ಪ ಹೆಚ್ಚುಕಮ್ಮಿ ಪಾರಾದ.

ಮಾದಕ ವಸ್ತುಗಳ ಕಥೆಯೂ ಬೇರೆಯಲ್ಲ. 1926ರಲ್ಲಿ ಸರ್ಕಾರ ನೇಮಿಸಿದ್ದ ರೋಲ್‌ಸ್ಟನ್ ಸಮಿತಿ ವರದಿ ಕೊಟ್ಟಿತು. ಮಾರ್ಫೀನ್, ಹೆರಾಯಿನ್ ಚಟ ಒಂದು ಕಾಯಿಲೆ, ಬೇಕಾದರೆ ವೈದ್ಯರೇ ಆ ಮಾದಕವನ್ನು ರೋಗಿಗೆ ಬರೆದುಕೊಡಬಹುದು ಎಂದಿತು. ಆಗ ಚಟಕ್ಕೆ ಬಿದ್ದವರು ಕಡಿಮೆ. ಅವರಲ್ಲೂ ಬಹುಪಾಲು ಮಧ್ಯಮ ವರ್ಗದವರು, ಕೆಲವರು ಸ್ವತಃ ವೈದ್ಯರು. ತಮ್ಮಂಥವರೇ ರೋಗಿಯಾದಾಗ ಕರುಣೆ ಬೇಗ ಹುಟ್ಟುತ್ತದೆ, ಅಲ್ವಾ? ಆ ಕರುಣೆ ತಪ್ಪು ಎಂದು ನಾನು ಹೇಳುತ್ತಿಲ್ಲ. ಅದು ಎಲ್ಲರಿಗೂ ಸಿಗಬೇಕಿತ್ತು. 1960ರ ದಶಕದಲ್ಲಿ ಹುಡುಗರು ಹೆರಾಯಿನ್ ಹಿಡಿದರು. ಸಾಮಾನ್ಯ ವೈದ್ಯರು ಚಟವಿದ್ದವರಿಗೆ ಅದನ್ನು ಬರೆದುಕೊಡುವ ಅಧಿಕಾರ ಕಳೆದುಕೊಂಡರು. 1980ರ ದಶಕದಲ್ಲಿ ಲಿವರ್‌ಪೂಲ್, ಗ್ಲಾಸ್ಗೋದ ಕೆಲಸವಿಲ್ಲದ ಬಡಾವಣೆಗಳಿಗೆ ಅದು ನುಗ್ಗುವ ಹೊತ್ತಿಗೆ ಕಾಯಿಲೆಗಿಂತ ಅಪರಾಧದ ಮಾತೇ ಜಾಸ್ತಿಯಾಗಿತ್ತು.

1993ರಲ್ಲಿ ಅದೇ ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ಜಾನ್ ಮೇಜರ್ 'ಮೂಲಕ್ಕೆ ಮರಳೋಣ', ಅಂದರೆ ಹಳೆಯ ಮೌಲ್ಯಗಳಿಗೆ ಹಿಂತಿರುಗೋಣ ಎಂದು ಕರೆ ಕೊಟ್ಟರು. ಒಂಟಿ ತಾಯಂದಿರ ಮೇಲೆ ಅವರ ಮಂತ್ರಿಗಳು ಆಗಲೇ ಹರಿಹಾಯುತ್ತಿದ್ದರು. ಮರುವರ್ಷದ ಜನವರಿಯಲ್ಲೇ ಒಬ್ಬ ಮಂತ್ರಿ ರಾಜೀನಾಮೆ ಕೊಡಬೇಕಾಯಿತು, ಮದುವೆಯ ಹೊರಗೆ ಅವರಿಗೊಂದು ಮಗುವಿತ್ತು. ಅವರು ಮೇಲೆ ಹೇಳಿದ ಅದೇ ಟಿಮ್ ಯೋ. ಕೆಲವೇ ವರ್ಷಗಳಲ್ಲಿ ಪಕ್ಷದ ಮುಂದಿನ ಸಾಲಿಗೆ ಮರಳಿದರು. ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಎನ್ನುವುದು ಇದಕ್ಕೇ.

2006ರಲ್ಲಿ ಪಕ್ಷದ ಮಾಜಿ ನಾಯಕ ಇಯಾನ್ ಡಂಕನ್ ಸ್ಮಿತ್ ಅವರ ಚಿಂತಕರ ಕೂಟ 'ಒಡೆದ ಬ್ರಿಟನ್' ಬಗ್ಗೆ ದೊಡ್ಡ ವರದಿ ತಂದಿತು. ಅದರ ಪ್ರಕಾರ ಬಡತನದ ದಾರಿಗಳು ಐದು: ಒಡೆದ ಸಂಸಾರ, ಚಟ, ಸಾಲ, ಓದಿನಲ್ಲಿ ಸೋಲು, ಕೆಲಸವಿಲ್ಲದಿರುವುದು. ಕಡಿಮೆ ಕೂಲಿ ಆ ಪಟ್ಟಿಯಲ್ಲಿರಲಿಲ್ಲ. ಮರುವರ್ಷ ಪಕ್ಷದ ನಾಯಕ ಡೇವಿಡ್ ಕ್ಯಾಮರೂನ್ ಸಿರಿವಂತರ ಮಕ್ಕಳು ಓದುವ ಈಟನ್ ಶಾಲೆಯಲ್ಲಿದ್ದಾಗ ಗಾಂಜಾ ಸೇದಿದ್ದರೆಂಬ ಸುದ್ದಿ ಬಂತು. ಅವರು ಅಲ್ಲಗಳೆಯಲಿಲ್ಲ. ರಾಜಕೀಯಕ್ಕೆ ಬರುವ ಮುಂಚಿನ ಬದುಕು ಖಾಸಗಿ ಎಂದರು.

2011ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ನಗರಗಳಲ್ಲಿ ಗಲಭೆಯಾದಾಗ ಅದೇ ಕ್ಯಾಮರೂನ್ ಪ್ರಧಾನಿ. ಅಪ್ಪಂದಿರಿಲ್ಲದ ಮಕ್ಕಳು, ನೈತಿಕ ಕುಸಿತ ಎಂದು ಭಾಷಣ ಮಾಡಿದರು. ಡಿಸೆಂಬರ್‌ನಲ್ಲಿ 1,20,000 'ತೊಂದರೆಯ ಕುಟುಂಬ'ಗಳನ್ನು ಸರಿಪಡಿಸುವ ಯೋಜನೆ ಬಂತು, 44.8 ಕೋಟಿ ಪೌಂಡ್ ಹಣವೂ ಬಂತು. ಆ 1,20,000 ಎಲ್ಲಿಂದ ಬಂತು ಎಂದು ಸ್ವಲ್ಪ ನಿಂತು ನೋಡಬೇಕು. ಹಳೆಯ ಸಮೀಕ್ಷೆಯೊಂದರಲ್ಲಿ ಏಳು ಕೊರತೆಗಳ ಪಟ್ಟಿಯಿತ್ತು. ಅಪ್ಪ ಅಮ್ಮ ಇಬ್ಬರಿಗೂ ಕೆಲಸವಿಲ್ಲ. ಮನೆ ಕೆಟ್ಟದ್ದು ಅಥವಾ ಇಕ್ಕಟ್ಟಿನದು. ಅಪ್ಪ ಅಮ್ಮ ಯಾರಿಗೂ ಓದಿನ ಸರ್ಟಿಫಿಕೇಟ್ ಇಲ್ಲ. ತಾಯಿಗೆ ಮಾನಸಿಕ ಕಾಯಿಲೆ. ಯಾರಿಗೋ ದೀರ್ಘ ಕಾಲದ ಅನಾರೋಗ್ಯ. ಆದಾಯ ಕಡಿಮೆ. ಊಟ ಬಟ್ಟೆಗೆ ತತ್ವಾರ. ಇವುಗಳಲ್ಲಿ ಐದು ಇದ್ದರೆ ಆ ಮನೆ ಲೆಕ್ಕಕ್ಕೆ ಸೇರುತ್ತಿತ್ತು. ಪಟ್ಟಿಯನ್ನು ಎಷ್ಟು ಸಲ ಓದಿದರೂ ಡ್ರಗ್ಸ್ ಇಲ್ಲ, ಅಪರಾಧ ಇಲ್ಲ, ಪುಂಡಾಟ ಇಲ್ಲ. ಇರುವುದು ಬಡತನ ಮತ್ತು ಕಾಯಿಲೆ. ಅದನ್ನೇ ಸುಮ್ನೆ ಎತ್ತಿಕೊಂಡು ಸಮಾಜಕ್ಕೆ ಕಾಟ ಕೊಡುವವರ ಲೆಕ್ಕ ಮಾಡಿದರು. ಹಾಸಿಗೆ ಹಿಡಿದ ತಾಯಿಯ ಮನೆಗೂ ಆ ಹೆಸರು ಅಂಟಿತು. ನನಗೆ ಇದು ಇಡೀ ಇತಿಹಾಸದ ಅತ್ಯಂತ ಕ್ರೂರ ತಿರುವು ಎನಿಸುತ್ತದೆ. 2016ರಲ್ಲಿ ಪ್ರಕಟವಾದ ಸರ್ಕಾರದ್ದೇ ಮೌಲ್ಯಮಾಪನಕ್ಕೆ ಯೋಜನೆಯಿಂದ ಗಮನಾರ್ಹ ಪರಿಣಾಮವೇನೂ ಕಾಣಿಸಲಿಲ್ಲ.

ಡ್ರಗ್ಸ್ ಮನೆ ಹಾಳು ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಳಾದ ಮನೆಗೆ ಯಾರು ಹೋಗುತ್ತಾರೆ, ಡಾಕ್ಟರೋ ಪೊಲೀಸರೋ ಎನ್ನುವುದು ದುಡ್ಡಿನ ಮೇಲೆ ನಿಂತಿದೆ. 2019ರ ಜೂನ್‌ನಲ್ಲಿ ಅದೇ ಪಕ್ಷದ ಮಂತ್ರಿ ಮೈಕಲ್ ಗೋವ್ ಪ್ರಧಾನಿ ಹುದ್ದೆಗೆ ಸ್ಪರ್ಧಿಸಿದ್ದರು. ಪತ್ರಕರ್ತನಾಗಿದ್ದಾಗ ಕೊಕೇನ್ ಸೇವಿಸಿದ್ದೆ, ಆಳವಾಗಿ ವಿಷಾದಿಸುತ್ತೇನೆ ಎಂದು ಒಪ್ಪಿಕೊಂಡರು. ಸ್ಪರ್ಧೆಯಲ್ಲಿ ಸೋತರೂ ಜುಲೈನಲ್ಲಿ ಹೊಸ ಸಂಪುಟದಲ್ಲಿ ಜಾಗ ಸಿಕ್ಕಿತು. ಹಿಂದೆ ಅವರು ಶಿಕ್ಷಣ ಮಂತ್ರಿಯಾಗಿದ್ದಾಗಿನ ನಿಯಮದಡಿ, ಅಂಥದೇ ಡ್ರಗ್ಸ್ ಪ್ರಕರಣದಲ್ಲಿ ಶಿಕ್ಷೆಯಾದ ಶಾಲಾ ಶಿಕ್ಷಕರು ಪಾಠ ಹೇಳುವ ಹಕ್ಕನ್ನೇ ಕಳೆದುಕೊಳ್ಳಬಹುದಿತ್ತು.