ಹುಲ್ಲು ಹೊಡೆಯುವ ಮಿಷನ್ ಮತ್ತು ತೋಟದವರ ಕಿವಿ

ನಮ್ಮ ಮಲೆನಾಡಿನಲ್ಲಿ ಕಿವಿ ಮಂದವಾದರೆ ಎಲ್ಲರೂ ವಯಸ್ಸಿನ ಮೇಲೆ ಹಾಕುತ್ತಾರೆ. ಆದರೆ ನನ್ನ ಹತ್ತಿರ ಶ್ರವಣ ಪರೀಕ್ಷೆಗೆ ಬರುವ ಗಂಡಸರಲ್ಲಿ ಎಷ್ಟೋ ಜನಕ್ಕೆ ಇನ್ನೂ ನಲವತ್ತು ದಾಟಿರುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು. ಕೆಲಸ ಏನು ಅಂದರೆ ತೋಟದ ಕೆಲಸ ಅನ್ನುತ್ತಾರೆ. ಬಿಡಿಸಿ ಕೇಳಿದರೆ ಮಾತು ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತದೆ. ಹುಲ್ಲು ಹೊಡೆಯುವ ಮಿಷನ್, ಅಂದರೆ ವೀಡ್ ಕಟರ್. ಕೆಲವರು ಅದರ ಜೊತೆಗೆ ಮರ ಕುಯ್ಯುವ ಮಿಷನ್ನೂ ಹಿಡಿಯುತ್ತಾರೆ.

ಇವರಲ್ಲಿ ತಾವಾಗಿಯೇ ಬರುವವರು ಕಡಿಮೆ. ಹೆಂಡತಿ ಕರೆದುಕೊಂಡು ಬಂದಿರುತ್ತಾರೆ. "ನಂಗೆಲ್ಲ ಕೇಳುತ್ತೆ ಮೇಡಂ, ಇವಳೇ ಬಾಯೊಳಗೆ ಮಾತಾಡ್ತಾಳೆ" ಅನ್ನುವುದು ಮಾಮೂಲು. ಅವರು ಸುಳ್ಳು ಹೇಳುತ್ತಿಲ್ಲ. ಸದ್ದು ಅವರಿಗೆ ನಿಜವಾಗಿಯೂ ಕೇಳುತ್ತದೆ. ಮಾತು ಬಿಡಿಬಿಡಿಯಾಗಿ ತಿಳಿಯುವುದಿಲ್ಲ, ಅಷ್ಟೇ.

ಪರೀಕ್ಷೆಯಲ್ಲಿ ಇದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಡುತ್ತೇವೆ. ಎಷ್ಟೇ ಸಣ್ಣಗೆ ಕೇಳಿದರೂ ಒತ್ತಬೇಕು. 250 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 250 ಕಂಪನದ ದಪ್ಪ ದನಿಯಿಂದ 8000 ಹರ್ಟ್ಸ್‌ನ ಕೀರಲು ದನಿಯವರೆಗೆ ಒಂದೊಂದಾಗಿ ಕೇಳಿಸುತ್ತೇವೆ. 2000 ಬರುವವರೆಗೆ ಇವರು ಸಲೀಸಾಗಿ ಒತ್ತುತ್ತಾರೆ. 4000ಕ್ಕೆ ಬೆರಳು ನಿಂತುಬಿಡುತ್ತದೆ. ನಾನು ಸದ್ದಿನ ಜೋರು ಏರಿಸುತ್ತಾ ಹೋಗುತ್ತೇನೆ. ಅದರ ಅಳತೆ ಡೆಸಿಬಲ್. 40 ಡೆಸಿಬಲ್, 45, 50. ಆಮೇಲೆ ಎಲ್ಲೋ ಒಮ್ಮೆ ಒತ್ತುತ್ತಾರೆ. 8000ಕ್ಕೆ ಮತ್ತೆ ಸ್ವಲ್ಪ ಪರವಾಗಿಲ್ಲ. ಗ್ರಾಫಿನ ಗೆರೆಯಲ್ಲಿ 4000ದ ಹತ್ತಿರ ಒಂದು ಹೊಂಡ ಬಿದ್ದಿರುತ್ತದೆ. ವಯಸ್ಸಿನಿಂದ ಬಂದ ಮಂದ ಕಿವಿಯಾದರೆ ಗೆರೆ ಸಾಮಾನ್ಯವಾಗಿ 8000ದ ಕಡೆಗೆ ಇಳಿಯುತ್ತಲೇ ಹೋಗುತ್ತದೆ. ನಡುವೆ ಹೀಗೆ ಹೊಂಡ ಕಂಡರೆ ನಾವು ಮೊದಲು ಅನುಮಾನಿಸುವುದು ಶಬ್ದದ ಪೆಟ್ಟನ್ನು.

ಆ, ಓ, ಊ ತರಹದ ಸ್ವರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿದೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಸ, ಶ, ತ, ಕ ಇವೆಲ್ಲ ಮೆಲ್ಲನೆಯ, ಮೇಲಿನ ಕಂಪನದ ಸದ್ದುಗಳು. ಅವು ಬಿಟ್ಟುಹೋದರೆ ಕಾರು, ಸಾರು ಎರಡೂ ಒಂದೇ ತರ ಕೇಳುತ್ತವೆ. ಹೆಂಗಸರ ಮತ್ತು ಮಕ್ಕಳ ಮಾತು ತಿಳಿಯುವುದು ಇನ್ನೂ ಕಷ್ಟ. ಮಳೆಗಾಲದಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿದ್ದರಂತೂ ಮನೆಯವರ ಅರ್ಧ ಮಾತು ಅದರಲ್ಲೇ ಹೋಯಿತು. ಎಷ್ಟೋ ಮನೆಗಳಲ್ಲಿ ಜಗಳ ಶುರುವಾಗುವುದೇ ಹೀಗೆ, ಪಾಪ.

ಒಳಗಿವಿಯಲ್ಲಿ ಕಾಕ್ಲಿಯಾ ಅಂತ ಬಸವನ ಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಭಾಗವಿದೆ. ಅದರಲ್ಲಿ ಸುಮಾರು 15,000 ಕೂದಲು ಕೋಶಗಳಿರುತ್ತವೆ. ಸದ್ದಿನ ಅಲುಗಾಟವನ್ನು ನರಕ್ಕೆ ದಾಟಿಸುವುದು ಇವೇ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕೋಳಿಯ ಕಿವಿಯಲ್ಲಿ ಹುಟ್ಟುತ್ತವೆ, ಮನುಷ್ಯರಲ್ಲಿ ಇಲ್ಲ. ಆದ್ದರಿಂದಲೇ ಶಬ್ದದಿಂದ ಹೋದ ಕಿವಿಗೆ ಮಾತ್ರೆ, ಟಾನಿಕ್ ಯಾವುದೂ ಇಲ್ಲ.

ಎಷ್ಟು ಸದ್ದಾದರೆ ಜಾಸ್ತಿ? ಸಾಮಾನ್ಯ ಮಾತುಕತೆ 60 ಡೆಸಿಬಲ್. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಕೆಲಸ ಮಾಡುವುದೇ ಮಿತಿ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. ಪೆಟ್ರೋಲ್ ವೀಡ್ ಕಟರ್ ಹಿಡಿದವರ ಕಿವಿಯ ಹತ್ತಿರ 95ರಿಂದ 100 ಡೆಸಿಬಲ್ ಸದ್ದಿರುವುದು ಸಾಮಾನ್ಯ. 97 ಅಂತಲೇ ಇಟ್ಟುಕೊಳ್ಳಿ, ಅರ್ಧ ಗಂಟೆಗೆ ಆ ದಿನದ ಮಿತಿ ಮುಗಿಯಿತು. ಒಂದು ಟ್ಯಾಂಕ್ ಪೆಟ್ರೋಲ್ ಕೂಡ ಖಾಲಿಯಾಗಿರುವುದಿಲ್ಲ. ನಮ್ಮವರು ಬೆಳಗ್ಗೆ ತಿಂಡಿ ತಿಂದು ಇಳಿದರೆ ಸಂಜೆವರೆಗೆ ಹೊಡೆಯುತ್ತಾರೆ. ಸಂಜೆ ಕಿವಿ ಗುಂಯ್ ಅನ್ನುತ್ತದೆ, ಬೆಳಗ್ಗೆ ಸರಿಹೋಗುತ್ತದೆ. ಸರಿಹೋಯಿತಲ್ಲ ಅಂತ ಸುಮ್ಮನಾಗುತ್ತಾರೆ. ಆ ಗುಂಯ್ ಅನ್ನುವುದೇ ಒಳಗಿವಿಗೆ ಪೆಟ್ಟು ಬಿದ್ದಿರುವ ಸೂಚನೆ. ವರ್ಷಗಟ್ಟಲೆ ಹೀಗೇ ನಡೆದರೆ ಒಂದು ದಿನ ಅದು ಹೋಗದೆ ಅಲ್ಲೇ ಉಳಿಯುತ್ತದೆ.

ಹತ್ತಿ ತುರುಕಿಕೊಂಡಿದ್ದೇನೆ ಅನ್ನುವವರು ಬಹಳ. ಹತ್ತಿ ಹೆಚ್ಚೇನೂ ತಡೆಯುವುದಿಲ್ಲ. ಇನ್ನು ಹುಡುಗರು ಮಾಡುವುದು ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಮಿಷನ್ ಸದ್ದು ಬೇಜಾರು ಅಂತ ಇಯರ್‌ಫೋನ್ ಹಾಕಿಕೊಂಡು, ಮಿಷನ್ನಿಗಿಂತ ಜೋರಾಗಿ ಹಾಡು ಇಡುತ್ತಾರೆ. ಒಂದರ ಮೇಲೊಂದು ಎರಡು ಪೆಟ್ಟು.

ಬೇಕಾಗಿರುವುದು ಕಿವಿಯನ್ನು ಹೊರಗಿನಿಂದ ಮುಚ್ಚುವ ಇಯರ್‌ಮಫ್ ಅಥವಾ ಕಿವಿಯೊಳಗೆ ಇಡುವ ಫೋಮ್ ಇಯರ್‌ಪ್ಲಗ್. ಪ್ಲಗ್ ಹಾಕುವುದಕ್ಕೂ ಕ್ರಮವಿದೆ. ಕೈ ತೊಳೆದು, ಬೆರಳುಗಳ ನಡುವೆ ಬತ್ತಿಯಂತೆ ಸಣ್ಣಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು, ಅದು ಉಬ್ಬುವವರೆಗೆ ಅರ್ಧ ನಿಮಿಷ ಹಿಡಿದುಕೊಳ್ಳಬೇಕು. ಅರ್ಧ ಹೊರಗಿದ್ದರೆ ಹಾಕಿಯೂ ಹಾಕದ ಹಾಗೆ. ಬೆವರು, ಕೆಸರಿನ ಕೆಲಸಕ್ಕೆ ಮಫ್ ವಾಸಿ ಅಂತ ನನ್ನ ಅನಿಸಿಕೆ. ಕೆಸರು ಕೈಯಲ್ಲೇ ಎತ್ತಿ ಹಾಕಬಹುದು. ಮಿಷನ್ನಿಗೆ ಸಾವಿರಾರು ರೂಪಾಯಿ ಕೊಡುವ ತೋಟದ ಯಜಮಾನರು ಕೆಲವು ನೂರು ರೂಪಾಯಿಯ ಮಫ್ ಅನ್ನೂ ಜೊತೆಗೇ ತೆಗೆದುಕೊಡಬೇಕು. ಆಳು ಕೇಳಲಿ ಅಂತ ಕಾಯಬಾರದು. ಅವರು ಕೇಳುವುದಿಲ್ಲ.

ಮಳೆಗಾಲದ ಒಂದು ಮಾತು. ಕಿವಿ ನವೆಯಾಯಿತು ಅಂತ ಕೊಬ್ಬರಿ ಎಣ್ಣೆ ಬಿಡಬೇಡಿ, ಕಡ್ಡಿ ಹಾಕಬೇಡಿ. ನಮ್ಮ ತೇವದ ಹವೆಯಲ್ಲಿ ಕಿವಿಯೊಳಗೆ ಬೂಷ್ಟು ಬೆಳೆಯುವುದು ಸಾಮಾನ್ಯ. ಇಎನ್‌ಟಿ ಡಾಕ್ಟರು ಶುಚಿ ಮಾಡಿ ಔಷಧಿ ಕೊಟ್ಟರೆ ಗುಣವಾಗುತ್ತದೆ.

ಆದರೆ ಒಂದೇ ಕಿವಿ ರಾತ್ರೋರಾತ್ರಿ ಕೇಳದಂತಾದರೆ, ನೀರು ಹೋಗಿರಬೇಕು ಅಂತ ವಾರಗಟ್ಟಲೆ ನೋಡಬೇಡಿ. ಅದು ನರದ ತೊಂದರೆಯೂ ಆಗಿರಬಹುದು. ಅದಕ್ಕೆ ಸ್ಟೆರಾಯ್ಡ್ ಚಿಕಿತ್ಸೆ ಇದೆ, ಮೊದಲ ಕೆಲವು ದಿನಗಳಲ್ಲಿ ಶುರುವಾದರೆ ಅನುಕೂಲ ಹೆಚ್ಚು. ಅವತ್ತೇ ಹೊರಟು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ಇಎನ್‌ಟಿ ಡಾಕ್ಟರ ಹತ್ತಿರವೋ ಹೋಗಿ.

ಮಿಷನ್ ಹಿಡಿಯುವವರು ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿ. ಅರ್ಧ ಗಂಟೆಯ ಕೆಲಸ, ನೋವಿಲ್ಲ. ಹಳೇ ಗ್ರಾಫ್ ಜೋಪಾನವಾಗಿಟ್ಟು ತನ್ನಿ, ಹೊಂಡ ಆಳವಾಗುತ್ತಿದೆಯೋ ಇಲ್ಲವೋ ಹೋಲಿಸಿ ಹೇಳಬಹುದು. ಬರುವ ಹಿಂದಿನ ದಿನ ಮಿಷನ್ ಮುಟ್ಟಬೇಡಿ. ತೋಟದಿಂದ ಸೀದಾ ಬಂದರೆ ಅವತ್ತಿನ ತಾತ್ಕಾಲಿಕ ಮಂದವೂ ಗ್ರಾಫಿನಲ್ಲಿ ಸೇರಿಕೊಂಡು, ಕಿವಿ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ.