ಡಿಗ್ರಿ ಮಕ್ಕಳಿಗೆ ಗುದ್ದಲಿ ಕೊಟ್ಟೆವು, ಪ್ರಶ್ನೆ ಯಾವಾಗ ಕೊಡುತ್ತೇವೆ?

ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಸಂಶೋಧಕರು ಬರುವುದು ಹೊಸದೇನಲ್ಲ. 1960ರ ಹೊತ್ತಿಗೇ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಇಲ್ಲಿ ಟಿಬಿ ಸರ್ವೆ ಮಾಡಿದ್ದರು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಅವರು ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ ಅಂತ ಆಗ ಬಹಳ ಜನ ನಂಬಿದ್ದರು. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬಿಬ್ಬರು ಇದೇ ಜಿಲ್ಲೆಯ ರೋಗಿಗಳನ್ನು ನೇರವಾಗಿ ಮಾತಾಡಿಸಿದರು. 1963ರಲ್ಲಿ ಅವರ ಅಧ್ಯಯನ ಅಚ್ಚಾಯಿತು. ಹೆಚ್ಚಿನವರಿಗೆ ಕಾಯಿಲೆಯ ಲಕ್ಷಣ ಗೊತ್ತಿತ್ತು, ಅರ್ಧದಷ್ಟು ಜನ ಚಿಕಿತ್ಸೆ ಹುಡುಕಿಕೊಂಡೂ ಹೋಗಿದ್ದರು, ಆದರೆ ಅವರಲ್ಲಿ ಎಷ್ಟೋ ಮಂದಿಗೆ ಸಿಕ್ಕಿದ್ದು ಸುಮ್ನೆ ಒಂದು ಕೆಮ್ಮಿನ ಔಷಧಿ ಬಾಟಲಿ. ಊರ ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಟಿಬಿ ನೋಡಬೇಕು ಅನ್ನುವ ದೇಶದ ಯೋಜನೆಗೆ ಈ ಕೆಲಸ ದೊಡ್ಡ ಆಧಾರವಾಯಿತು.

ಅಲ್ಲಿ ಪ್ರಶ್ನೆ ಕೇಳಿದವರು ತಜ್ಞರು. ಡಿಗ್ರಿ ವಿದ್ಯಾರ್ಥಿಗಳು ಹಳ್ಳಿಗೆ ಬಂದ ದಾರಿ ಬೇರೆ. ಗಾಂಧಿ ಶತಮಾನೋತ್ಸವದ 1969ರಲ್ಲಿ 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಶುರುವಾಯಿತು. ಏಳು ದಿನದ ಕ್ಯಾಂಪು, ಶ್ರಮದಾನ, ಸಂಜೆ ಹಾಡು ನಾಟಕ. ಇದನ್ನು ಹಗುರವಾಗಿ ನೋಡಬಾರದು, ಪೇಟೆಯ ಎಷ್ಟೋ ಮಕ್ಕಳು ಹಳ್ಳಿಯಲ್ಲಿ ಮೊದಲ ಸಲ ರಾತ್ರಿ ಕಳೆದಿದ್ದು ಅಲ್ಲೇ. ಆದರೆ ಚರಂಡಿ ಯಾಕೆ ಕಟ್ಟಿಕೊಳ್ಳುತ್ತದೆ ಅಂತ ವಿಚಾರಿಸುವ ಕೆಲಸ ಅವರಿಗೆ ಸಿಗಲಿಲ್ಲ.

1980ರ ದಶಕದ ಕೊನೆಗೆ ಮೈರಾಡದಂಥ ಸ್ವಯಂಸೇವಾ ಸಂಸ್ಥೆಗಳು ಊರಿನವರ ಕೈಯಿಂದಲೇ ನೆಲದ ಮೇಲೆ ಊರಿನ ನಕ್ಷೆ ಬರೆಸತೊಡಗಿದವು. 2014ರಲ್ಲಿ ಉನ್ನತ ಭಾರತ ಅಭಿಯಾನ ಬಂತು, ಕಾಲೇಜುಗಳು ಹಳ್ಳಿ ದತ್ತು ತೆಗೆದುಕೊಂಡವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಡಿಗ್ರಿಯ ನಾಲ್ಕನೇ ವರ್ಷಕ್ಕೆ ಸಂಶೋಧನೆ ಇಟ್ಟಿತು. ಕರ್ನಾಟಕ ಅದನ್ನು 2021-22ರಲ್ಲಿ ತಂದು, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಈ ನಡುವೆ 2022ರಲ್ಲಿ ಎಂಬಿಬಿಎಸ್‌ಗೆ ಬಂದ ಕುಟುಂಬ ದತ್ತು ಕಾರ್ಯಕ್ರಮ ನನಗೆ ಹಿಡಿಸಿತು. ವಿದ್ಯಾರ್ಥಿ ವರ್ಷಗಟ್ಟಲೆ ಅದೇ ಮನೆಗಳಿಗೆ ಹೋಗಬೇಕು. ಬಿಎ, ಬಿಎಸ್ಸಿಯವರಿಗೂ ಅಂಥದ್ದು ಬೇಕು ಅಲ್ವಾ?

ಇದೇ ಜಿಲ್ಲೆಯ ಪಾವಗಡವನ್ನೇ ನೋಡಿ. ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಜಮೀನಿದ್ದವರಿಗೆ ಗುತ್ತಿಗೆ ಹಣ ಬರುತ್ತದೆ. ಅದೇ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದ ಕೂಲಿಯವರು, ಕುರಿ ಮೇಯಿಸುತ್ತಿದ್ದವರು ಈಗ ಏನು ಮಾಡುತ್ತಿದ್ದಾರೆ? ಇದನ್ನು ಕೇಳಲು ದೊಡ್ಡ ಲ್ಯಾಬ್ ಬೇಕಿಲ್ಲ. ಅಲ್ಲೇ ಹುಟ್ಟಿ ಬೆಳೆದ, ಮನೆಯವರ ಜೊತೆ ತೆಲುಗಿನಲ್ಲೂ ಮಾತಾಡಬಲ್ಲ ಡಿಗ್ರಿ ಹುಡುಗಿಗೆ ಯಾವ ಮನೆಯ ಯಾರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು ಅನ್ನುವುದು ಹೊರಗಿನ ಪ್ರೊಫೆಸರ್‌ಗಿಂತ ಬೇಗ ತಿಳಿಯುತ್ತದೆ. ಬೋರ್‌ವೆಲ್ ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆಯಾ ಅಂತ ಬಿಎಸ್ಸಿ ಕೆಮಿಸ್ಟ್ರಿ ಮಕ್ಕಳು ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ನೋಡಬಹುದು.

ಫಾರ್ಮು ತುಂಬಿಸಿಕೊಂಡು ಹೋದವರು ಮತ್ತೆ ಬರುವುದಿಲ್ಲ ಅನ್ನುವ ಬೇಸರ ಹಳ್ಳಿಗಳಲ್ಲಿದೆ, ಅದು ನ್ಯಾಯವಾದದ್ದೇ. ಹಾಗಾಗಿ ಇಂಟರ್ನಲ್ ಅಂಕ ಕೊಡುವ ಮುಂಚೆ ವಿದ್ಯಾರ್ಥಿಗಳು ಬರೆದ ವರದಿಯನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿರಬೇಕು, ಊರಿನವರ ಆಕ್ಷೇಪಣೆಗಳೂ ಅದರಲ್ಲಿ ಸೇರಿರಬೇಕು. ವಿದ್ಯಾರ್ಥಿಗಳ ಬಸ್ ಚಾರ್ಜನ್ನು ಕಾಲೇಜೇ ಕೊಡಬೇಕು.